ಮೂವತ್ತೊಂದು ಹುಡುಗಿಯರ ಫಲಿತಾಂಶ

ಫಲಿತಾಂಶದ ಪಟ್ಟಿ ಬಂದ ದಿನ ನಮ್ಮ ಪ್ರಿನ್ಸಿಪಾಲರು ಅದನ್ನು ನೋಟಿಸ್ ಬೋರ್ಡಿಗೆ ಹಾಕದೆ ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟುಕೊಂಡು ಕೂತಿದ್ದರು. ಹುಡುಗಿಯರು ಬೆಳಗ್ಗೆ ಹತ್ತರಿಂದ ಕಾರಿಡಾರಿನಲ್ಲಿ ಕಾಯುತ್ತಿದ್ದರು. ಹನ್ನೊಂದೂವರೆಗೆ ನಾನೇ ಒಳಗೆ ಹೋಗಿ ಕೇಳಿದೆ. ಅವರು ಹಾಳೆಯನ್ನು ನನ್ನ ಕಡೆ ತಳ್ಳಿದರು. ಬಿ.ಎಸ್ಸಿ. ಕೊನೆಯ ವರ್ಷದ ಮೂವತ್ತೊಂದು ನೋಂದಣಿ ಸಂಖ್ಯೆಗಳು ಒಂದರ ಕೆಳಗೊಂದು ಇದ್ದವು. ಪ್ರತಿಯೊಂದರ ಮುಂದೆಯೂ ಒಂದೇ ಮಾತು: ತಡೆಹಿಡಿಯಲಾಗಿದೆ.

"ಇದೇನ್ ಸರ್? ಕಾಪಿ ಹೊಡೆದ್ರು ಅಂತಾನಾ?"

"ಅಲ್ಲಮ್ಮ. ನಿಮ್ಮ ಕೆಮಿಸ್ಟ್ರಿಗೆ ಸಂಯೋಜನೆ ರಿನ್ಯೂ ಆಗಿಲ್ವಂತೆ."

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಯಲಹಂಕದ ಅಂಚಿನಲ್ಲಿದ್ದ ಒಂದು ಖಾಸಗಿ ಮಹಿಳಾ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಆರ್.ಟಿ. ನಗರದ ಮನೆಯಿಂದ ಹೆಬ್ಬಾಳಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೋಗಬೇಕಿತ್ತು. ನನ್ನ ಹುಡುಗಿಯರಲ್ಲಿ ಅರ್ಧದಷ್ಟು ಮಂದಿ ಅಲ್ಲಾಳಸಂದ್ರ, ಜಕ್ಕೂರು, ಸಿಂಗಾಪುರದಂಥ ಹಳ್ಳಿಗಳಿಂದ ನಡೆದೋ ಸೈಕಲ್ಲಿನಲ್ಲೋ ಬರುತ್ತಿದ್ದರು. ಸಂಯೋಜನೆ ಎಂದರೆ ಒಂದು ಕಾಲೇಜು ಒಂದು ವಿಷಯವನ್ನು ಕಲಿಸಲು ವಿಶ್ವವಿದ್ಯಾಲಯ ಕೊಡುವ ಅನುಮತಿ. ನಮ್ಮದು ಹೊಸ ಕಾಲೇಜಾದ್ದರಿಂದ ವರ್ಷ ವರ್ಷವೂ ಅದನ್ನು ನವೀಕರಿಸಿಕೊಳ್ಳಬೇಕಿತ್ತು. ಆದರೆ ಇದೇ ವಿಶ್ವವಿದ್ಯಾಲಯ ಈ ಹುಡುಗಿಯರ ಅರ್ಜಿ ತೆಗೆದುಕೊಂಡಿತ್ತು, ಫೋಟೋಗೆ ಮೊಹರು ಹಾಕಿ ಹಾಲ್ ಟಿಕೆಟ್ ಕೊಟ್ಟಿತ್ತು, ಮೂರು ಗಂಟೆಯಂತೆ ಅಷ್ಟೂ ಪತ್ರಿಕೆಗಳನ್ನು ಬರೆಸಿತ್ತು, ಪ್ರಾಕ್ಟಿಕಲ್ಸ್‌ಗೆ ಹೊರಗಿನಿಂದ ಪರೀಕ್ಷಕರನ್ನು ಕಳಿಸಿತ್ತು. ಎಲ್ಲ ಮುಗಿದ ಮೇಲೆ, ನಿಮ್ಮ ಕಾಲೇಜಿನಲ್ಲಿ ಆ ವಿಷಯವೇ ಇಲ್ಲ ಎನ್ನುತ್ತಿತ್ತು.

ನಾನು ಹೊರಗೆ ಬಂದು ಹುಡುಗಿಯರಿಗೆ ಹೇಳಿದೆ. ಒಬ್ಬಿಬ್ಬರು ಅತ್ತರು. ಸಿಂಗಾಪುರದ ಹುಡುಗಿಯೊಬ್ಬಳು ಮಾತ್ರ ಮುಖ ಗಂಟುಹಾಕಿಕೊಂಡು ನಿಂತಿದ್ದಳು. ಅವಳ ಅಪ್ಪನಿಗೆ ದ್ರಾಕ್ಷಿ ತೋಟವಿತ್ತು. ಆ ಊರಿನಿಂದ ಬಿ.ಎಸ್ಸಿ.ಗೆ ಬಂದ ಮೊದಲ ಹೆಣ್ಣುಮಗಳು ಅವಳು. ಹನಿ ಹನಿಯಾಗಿ ದ್ರಾವಣ ಬಿಟ್ಟು ಅಳೆಯುವ ಟೈಟ್ರೇಷನ್ ಮಾಡುವಾಗ ಅವಳ ಕೈ ನನ್ನದಕ್ಕಿಂತ ಸ್ಥಿರ. ಸರ್ಕಾರಿ ಕಾರ್ಖಾನೆಯೊಂದರ ಪ್ರಯೋಗಾಲಯದ ಕೆಲಸಕ್ಕೆ ಅವಳು ಆಗಲೇ ಆಯ್ಕೆಯಾಗಿದ್ದಳು. ತಿಂಗಳೊಳಗೆ ಅಂಕಪಟ್ಟಿ ತಂದು ಕೊಟ್ಟು ಸೇರಿಕೊಳ್ಳಬೇಕಿತ್ತು.

"ಮಿಸ್, ಯಾರನ್ನ ಕೇಳ್ಬೇಕು ಇದನ್ನ?" ಎಂದಳು.

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಮಾರನೆಯ ದಿನ ನಾನೂ ಆ ಹುಡುಗಿಯೂ ಯಶವಂತಪುರದ ಬಸ್ ನಿಲ್ದಾಣದಲ್ಲಿ ಕೂಡಿಕೊಂಡು ವಿಶ್ವವಿದ್ಯಾಲಯದ ಆಡಳಿತ ಕಚೇರಿಗೆ ಹೋದೆವು. ಸಂಯೋಜನಾ ವಿಭಾಗದ ಸೂಪರಿಂಟೆಂಡೆಂಟರು ಐವತ್ತು ದಾಟಿದವರು, ಬೆನ್ನಿಗೆ ದಿಂಬು ಇಟ್ಟುಕೊಂಡು ಕೂರುತ್ತಿದ್ದರು. ಒಳ್ಳೆಯ ಮನುಷ್ಯ. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಕಡತಗಳು ಎಲ್ಲಿಂದ ಎಲ್ಲಿಗೆ ಹೋದವೆಂದು ಬರೆದಿಡುವ ರಿಜಿಸ್ಟರನ್ನು ತೆಗೆದು ಮುಂದಿಟ್ಟರು.

"ನಮ್ಮ ಸೆಕ್ಷನ್‌ನಲ್ಲಿ ಒಂದ್ ದಿನಾನೂ ನಿಂತಿಲ್ಲ ಮೇಡಂ. ನೀವೇ ನೋಡಿ."

ಅವರು ವಿವರಿಸಿದ್ದು ಇಷ್ಟು. ಮೊದಲು ಮೂವರ ವಿಚಾರಣಾ ಸಮಿತಿ ಕಾಲೇಜಿಗೆ ಬಂದು ನೋಡಿ ವರದಿ ಕೊಡಬೇಕು. ವರದಿಯನ್ನು ಅಧ್ಯಾಪಕರೇ ಹೆಚ್ಚಾಗಿರುವ ವಿದ್ಯಾವಿಷಯಕ ಪರಿಷತ್ತು ಒಪ್ಪಬೇಕು. ಆಮೇಲೆ ಅದು ಸಿಂಡಿಕೇಟಿಗೆ ಹೋಗಬೇಕು. ಸಿಂಡಿಕೇಟು ಅಂದರೆ ವಿಶ್ವವಿದ್ಯಾಲಯವನ್ನು ನಿಜವಾಗಿ ನಡೆಸುವ ಹತ್ತಿಪ್ಪತ್ತು ಜನರ ಸಭೆ. ಅಲ್ಲಿ ಸರ್ಕಾರ ನೇಮಿಸಿದವರು, ಪ್ರಿನ್ಸಿಪಾಲರು, ಕಾಲೇಜು ನಡೆಸುವವರು ಇರುತ್ತಾರೆ. ಸಿಂಡಿಕೇಟು ಒಪ್ಪಿದ ಮೇಲೆ ಕಡತ ಸರ್ಕಾರಕ್ಕೆ ಹೋಗಿ, ಅಲ್ಲಿಂದ ಮಂಜೂರಾಗಿ, ಬಂದ ದಾರಿಯಲ್ಲೇ ವಾಪಸು ಬರಬೇಕು. ಇವೆಲ್ಲದರ ಮೇಲೆ ಕುಲಪತಿಗಳು. ಕುಲಪತಿಗಳ ಮೇಲೆ ಕುಲಾಧಿಪತಿಗಳಾದ ರಾಜ್ಯಪಾಲರು.

ವಿಚಾರಣಾ ಸಮಿತಿ ಬಂದದ್ದು ನನಗೆ ನೆನಪಿತ್ತು. ಅದರ ಅಧ್ಯಕ್ಷರು ಇತಿಹಾಸದ ಪ್ರೊಫೆಸರು. ನನ್ನ ಪ್ರಯೋಗಾಲಯದಲ್ಲಿ ವಿಷದ ಹೊಗೆ ಹೊರಗೆ ಕಳಿಸುವ ಗಾಜಿನ ಗೂಡನ್ನು ನೋಡಿ, "ಇದೇನಮ್ಮ, ಅಡುಗೆಮನೆ ಚಿಮಣಿ ಇದ್ದಂಗಿದೆ," ಎಂದು ನಕ್ಕು ಊಟಕ್ಕೆ ಹೋಗಿದ್ದರು. ಆದರೆ ವರದಿಯನ್ನು ಚೆನ್ನಾಗಿಯೇ ಬರೆದಿದ್ದರು. ಪರಿಷತ್ತೂ ಒಪ್ಪಿತ್ತು. ಕಡತ ನಿಂತಿದ್ದು ಸಿಂಡಿಕೇಟಿನಲ್ಲಿ. ಸದಸ್ಯರೊಬ್ಬರು, "ಆ ಭಾಗಕ್ಕೆ ಮತ್ತೊಂದು ವಿಜ್ಞಾನ ಕಾಲೇಜಿನ ಅಗತ್ಯವಿದೆಯೇ ಎಂದು ಪರಿಶೀಲಿಸಬೇಕು," ಎಂದು ಒಂದು ವಾಕ್ಯ ಹೇಳಿದ್ದರಂತೆ. ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಮುಂದಿನ ಸಭೆಯೊಳಗೆ ಕುಲಪತಿಗಳ ಅವಧಿ ಮುಗಿಯಿತು. ಹೊಸಬರ ನೇಮಕವಾಗಲಿಲ್ಲ. ಸಭೆಯನ್ನೇ ಕರೆಯಲಿಲ್ಲ.

"ಆ ಸದಸ್ಯರು ಯಾರು?" ಎಂದೆ.

ಸೂಪರಿಂಟೆಂಡೆಂಟರು ಕನ್ನಡಕ ಒರೆಸಿಕೊಂಡರು. "ನಿಮ್ಮಿಂದ ನಾಲ್ಕು ಮೈಲಿ ಆಚೆ ಒಂದು ಸೈನ್ಸ್ ಕಾಲೇಜಿದೆಯಲ್ಲ ಮೇಡಂ, ಅದರ ಆಡಳಿತ ಮಂಡಳೀಲಿ ಇದಾರೆ."

ನನ್ನ ಪಕ್ಕದಲ್ಲಿದ್ದ ಹುಡುಗಿ ಕೇಳಿದಳು. "ಹಾಗಾದ್ರೆ ನಮಗೆ ಹಾಲ್ ಟಿಕೆಟ್ ಯಾಕ್ ಕೊಟ್ರಿ ಸರ್?"

"ಅದು ಪರೀಕ್ಷಾ ವಿಭಾಗ ಕಣಮ್ಮ. ಇದು ಸಂಯೋಜನೆ."

"ಎರಡೂ ಇದೇ ಬಿಲ್ಡಿಂಗಲ್ಲೇ ಅಲ್ವಾ ಇರೋದು?"

"ಫ್ಲೋರು ಬೇರೆ," ಎಂದರು ಅವರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು.

ಆಮೇಲಿನ ದಿನಗಳಲ್ಲಿ ನಾನು ರಜೆ ಹಾಕಿ ಹಾಕಿ ತಿರುಗಿದೆ. ಪ್ರಭಾರ ಕುಲಪತಿಗಳಾಗಿದ್ದವರು ವಿಶ್ವವಿದ್ಯಾಲಯದ ಅತಿ ಹಿರಿಯ ಡೀನ್. ಎರಡು ಸಲ ಕಾದ ಮೇಲೆ ಒಳಗೆ ಬಿಟ್ಟರು. ಅವರು ಕುಲಪತಿಗಳ ದೊಡ್ಡ ಕುರ್ಚಿಯಲ್ಲಿ ಕೂರದೆ ಪಕ್ಕದ ಸೋಫಾದಲ್ಲಿ ಕೂತು ಮಾತಾಡಿದರು.

"ನಾನು ಇನ್‌ಚಾರ್ಜ್ ಅಷ್ಟೇ ಕಣಮ್ಮ. ದಿನನಿತ್ಯದ ಕೆಲಸ ನೋಡ್ಕೋಬೇಕು. ಇದು ಪಾಲಿಸಿ ಮ್ಯಾಟರ್. ಹೊಸಬರು ಬರ್ಲಿ."

"ಅವರು ಯಾವಾಗ ಬರ್ತಾರೆ ಸರ್?"

"ಅದು ಸರ್ಕಾರದ ಕೈಲಿದೆ."

ಸರ್ಕಾರಕ್ಕೂ ಹೋದೆ. ಸಚಿವಾಲಯದ ಅಧೀನ ಕಾರ್ಯದರ್ಶಿಗಳು ನನ್ನ ಅರ್ಜಿ ಓದಿ, "ಮೇಡಂ, ವಿಶ್ವವಿದ್ಯಾಲಯ ಸ್ವಾಯತ್ತ ಸಂಸ್ಥೆ. ನಾವು ತಲೆ ಹಾಕಕ್ಕಾಗಲ್ಲ," ಎಂದು ಮರಳಿಸಿದರು. ಸ್ವಾಯತ್ತ! ಕುಲಪತಿಯನ್ನು ಆರಿಸಲು ಸಮಿತಿ ಮೂರು ಹೆಸರು ಕೊಟ್ಟು ತಿಂಗಳಾಗಿತ್ತು. ಆ ಮೂರರಲ್ಲಿ ಯಾವ ಜಾತಿಯವರು, ಯಾವ ಜಿಲ್ಲೆಯವರು, ಯಾರ ಕಡೆಯವರು ಎಂಬ ಲೆಕ್ಕಾಚಾರ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ನಡೆಯುತ್ತಿದೆ ಎಂದು ಕಾರಿಡಾರಿನ ಜವಾನರೂ ಹೇಳುತ್ತಿದ್ದರು. ಅಧ್ಯಾಪಕರ ಹುದ್ದೆ ಮಂಜೂರು ಮಾಡುವಾಗ, ಸಿಂಡಿಕೇಟಿಗೆ ಜನ ತುಂಬುವಾಗ, ಸಂಯೋಜನೆಗೆ ಕೊನೆಯ ಮೊಹರು ಹಾಕುವಾಗ ಇಲ್ಲದ ಸ್ವಾಯತ್ತತೆ ಮೂವತ್ತೊಂದು ಹುಡುಗಿಯರು ಬಾಗಿಲಿಗೆ ಬಂದಾಗ ಮಾತ್ರ ನೆನಪಾಯಿತು. ಹಂಚಿಕೊಳ್ಳುವಾಗ ಎಲ್ಲರಿಗೂ ಅಧಿಕಾರ ಬೇಕು. ಉತ್ತರ ಕೊಡುವಾಗ ಅದು ಯಾರದೂ ಅಲ್ಲ.

ಒಂದು ದಿನ ಹುಡುಗಿಯ ಅಪ್ಪನೂ ನಮ್ಮ ಜೊತೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಪರೀಕ್ಷಾ ವಿಭಾಗದ ಕುಲಸಚಿವರು ನಿಯಮಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳುವುದನ್ನು ಕೈಕಟ್ಟಿಕೊಂಡು ಕೇಳಿದರು. ಮುಗಿದ ಮೇಲೆ ಅಂದರು:

"ಸ್ವಾಮಿ, ಇಂಗೆ ಪುಸ್ತಕ ಓದಿ ಏಳುದ್ರೆ ನಂಗೆ ತಿಳಿಯಾಕಿಲ್ಲ. ಇವ್ಳು ಬರ್ದಿರೋದು ಸರಿಯಾಗೈತಾ ಇಲ್ವಾ? ಅದೊಂದ್ ಏಳ್ಬುಡಿ, ಓಗ್ತೀವಿ."

"ಅದನ್ನ ಹೇಳೋ ಹಾಗಿಲ್ಲಪ್ಪ. ತಡೆಹಿಡಿದಿದೀವಿ."

"ತಡ್ಕಂಡು ಏನ್ ಮಾಡ್ತೀರ ಸ್ವಾಮಿ ಅದನ್ನ? ನಿಮ್ಗೇನಾರ ಉಪಯೋಗ ಐತಾ?"

ಕುಲಸಚಿವರಿಗೆ ಸಿಟ್ಟು ಬಂತು. ಹೊರಗೆ ಹೋಗಿ ಎಂದರು. ವರಾಂಡದಲ್ಲಿ ಆ ಮನುಷ್ಯ ನನ್ನ ಕಡೆ ತಿರುಗಿ, "ನಾನ್ ತಪ್ಪಾಗ್ ಕೇಳ್ದೆನಾ ಮೇಷ್ಟ್ರಮ್ಮ?" ಎಂದು ಕೇಳಿದರು. ಇಲ್ಲ ಎಂದೆ. ಅಲ್ಲಿ ಅದುವರೆಗೆ ಕೇಳಿದ ಪ್ರಶ್ನೆಗಳಲ್ಲೆಲ್ಲ ಸರಿಯಾದದ್ದು ಅದೊಂದೇ.

ಕಾರ್ಖಾನೆಯವರು ಮಾತ್ರ ನಾನು ಎಣಿಸಿರದಷ್ಟು ಒಳ್ಳೆಯವರಾಗಿದ್ದರು. ಹುಡುಗಿ ಹೋಗಿ ವಿಷಯ ಹೇಳಿದಾಗ ಅಲ್ಲಿನ ಅಧಿಕಾರಿ ಒಂದು ತಿಂಗಳು ಹೆಚ್ಚು ಕೊಟ್ಟರು. ಮತ್ತೆ ಹೋದಾಗ ಇನ್ನೂ ಒಂದು ತಿಂಗಳು ಕೊಟ್ಟರು. ಮೂರನೆಯ ಸಲ, "ನಿಮ್ಮ ಯೂನಿವರ್ಸಿಟಿ ಕಡೆಯಿಂದ ಇಂಥ ದಿನ ಕೊಡ್ತೀವಿ ಅಂತ ಒಂದು ಲೆಟರ್ ತನ್ನಿ, ಕಾಯ್ತೀವಿ," ಎಂದರು. ಆ ಲೆಟರಿಗಾಗಿ ನಾವು ಹದಿನೈದು ದಿನ ತಿರುಗಿದೆವು. ಯಾರೂ ಕೊಡಲಿಲ್ಲ. ದಿನಾಂಕ ಬರೆದು ಸಹಿ ಹಾಕುವ ಧೈರ್ಯ ಆ ಇಡೀ ಕಟ್ಟಡದಲ್ಲಿ ಒಬ್ಬರಿಗೂ ಇರಲಿಲ್ಲ.

ಕೊನೆಗೆ ಹೊಸ ಕುಲಪತಿಗಳು ಬಂದರು. ಸಿಂಡಿಕೇಟ್ ಸಭೆ ನಿಗದಿಯಾಯಿತು. ಆ ದಿನ ಮೂವತ್ತೊಂದರಲ್ಲಿ ಇಪ್ಪತ್ತಾರು ಹುಡುಗಿಯರು ಬಂದು ಸಭಾಂಗಣದ ಹೊರಗಿನ ವರಾಂಡದಲ್ಲಿ ಗೋಡೆಗೊರಗಿ ಕೂತರು. ಘೋಷಣೆ ಕೂಗಲಿಲ್ಲ, ಬೋರ್ಡು ಹಿಡಿಯಲಿಲ್ಲ. ನಮ್ಮ ವಿಷಯ ಕಾರ್ಯಸೂಚಿಯ ತುದಿಯಲ್ಲಿತ್ತು. ಕಿಟಕಿ ತೆರೆದಿದ್ದರಿಂದ ಒಳಗಿನ ಮಾತು ಕೇಳುತ್ತಿತ್ತು. ಅತಿಥಿಗೃಹದ ಪರದೆಗಳ ಬಣ್ಣದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಒಂದು ಕಟ್ಟಡಕ್ಕೆ ಯಾರ ಹೆಸರಿಡಬೇಕೆಂದು ಅದಕ್ಕಿಂತ ಹೆಚ್ಚು ಹೊತ್ತು ಜಗಳವಾಯಿತು. ಊಟಕ್ಕೆ ಎದ್ದವರಲ್ಲಿ ಕೆಲವರು ಮರಳಲೇ ಇಲ್ಲ. ಮೂರು ಗಂಟೆಗೆ ಕೋರಂ ಇಲ್ಲವೆಂದು ಸಭೆಯನ್ನು ಮುಂದೂಡಿದರು.

ಹೊರಗೆ ಬಂದವರಲ್ಲಿ ಆ ಒಂದು ವಾಕ್ಯದ ಸದಸ್ಯರೂ ಇದ್ದರು. ಸಿಂಗಾಪುರದ ಹುಡುಗಿ ಎದ್ದು ಅವರ ಎದುರಿಗೆ ನಿಂತಳು.

"ಸರ್, ನಾನು ಪಾಸಾ, ಫೇಲಾ?"

"ಅದು ನನಗೆ ಹೇಗಮ್ಮ ಗೊತ್ತಿರತ್ತೆ?"

"ಗೊತ್ತಿರೋರು ಯಾರು ಅಂತಾನಾದ್ರೂ ಹೇಳಿ ಸರ್. ಅವರ ಹತ್ರ ಹೋಗ್ತೀನಿ."

"ದಾರಿ ಬಿಡಮ್ಮ. ಇದಕ್ಕೆಲ್ಲಾ ಒಂದು ಪ್ರೊಸೀಜರ್ ಇದೆ."

"ಪ್ರೊಸೀಜರ್‌ಗೆ ನನ್ನ ಕೆಲಸ ಹೋಗತ್ತೆ ಸರ್. ನಿಮ್ಮದೇನು ಹೋಗತ್ತೆ?"

ಅವಳು ಪಕ್ಕಕ್ಕೆ ಸರಿಯಲಿಲ್ಲ. ಅವರು ಅವಳ ಪಕ್ಕದಿಂದ ಸುತ್ತಿ ಕಾರಿಗೆ ಹೋದರು. ಗದ್ದಲ ಕೇಳಿ ಹೊಸ ಕುಲಪತಿಗಳು ಹೊರಗೆ ಬಂದರು. ಇಷ್ಟು ಹುಡುಗಿಯರು ಯಾಕೆ ಕೂತಿದ್ದಾರೆಂದು ಕೇಳಿದರು. ನಾನು ಹೇಳಿದೆ. ಅವರು ಸೂಪರಿಂಟೆಂಡೆಂಟರನ್ನು ಕರೆಸಿದರು. ಕಡತದ ಜೊತೆಗೆ ಕಾಯ್ದೆಯ ಪುಸ್ತಕವನ್ನೂ ತಂದಿದ್ದ ಆ ಮನುಷ್ಯ ಒಂದು ಪುಟ ತೆರೆದು ಹಿಡಿದರು. ತುರ್ತು ಸಂದರ್ಭದಲ್ಲಿ ಸಿಂಡಿಕೇಟಿನ ಪರವಾಗಿ ಕುಲಪತಿಯೇ ತೀರ್ಮಾನ ತೆಗೆದುಕೊಂಡು ಆಮೇಲೆ ಸಭೆಗೆ ತಿಳಿಸಬಹುದು ಎಂದು ಅಲ್ಲಿತ್ತು. ಕುಲಪತಿಗಳು ನಿಂತಲ್ಲೇ ಓದಿದರು. ಫಲಿತಾಂಶ ಪ್ರಕಟಿಸಿ, ಸಂಯೋಜನೆಯ ಮಾತು ಆಮೇಲೆ ನೋಡೋಣ ಎಂದು ಬರೆದು ಸಹಿ ಹಾಕಿದರು. ಅಷ್ಟಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

ಹುಡುಗಿಯರು ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಕೆಳಗೆ ಬಂದು ಸೂಪರಿಂಟೆಂಡೆಂಟರನ್ನು ಕೇಳಿದೆ.

"ಈ ಅಧಿಕಾರ ಇನ್‌ಚಾರ್ಜ್‌ನಲ್ಲಿ ಇದ್ದೋರಿಗೂ ಇತ್ತಾ?"

"ಇತ್ತು ಮೇಡಂ. ಎರಡು ಸಲ ಉಪಯೋಗಿಸಿದ್ರು ಕೂಡ."

"ಯಾವುದಕ್ಕೆ?"

"ಒಂದು ಯಾರದೋ ಕ್ವಾರ್ಟರ್ಸ್ ವಿಷಯ. ಇನ್ನೊಂದು ಫಾರಿನ್ ಟೂರು."

"ನನಗೆ ಮೊದಲೇ ಯಾಕೆ ಹೇಳ್ಲಿಲ್ಲ ನೀವು?"

ಅವರು ಕಡತದ ದಾರ ಬಿಗಿದು ಕಟ್ಟಿದರು. ಆಮೇಲೆ, "ಹೇಳಿದ್ರೆ ನನ್ನ ಸೀಟು ಉಳೀತಿರ್ಲಿಲ್ಲ ಮೇಡಂ. ರಿಟೈರ್ ಆಗೋಕೆ ನಾಲ್ಕು ವರ್ಷ ಇದೆ," ಎಂದರು.

ಸಿಂಗಾಪುರದ ಹುಡುಗಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಳು. ಅಂಕಪಟ್ಟಿ ಹಿಡಿದು ಕಾರ್ಖಾನೆಗೆ ಓಡಿದಳು. ಹಿಂದಿನ ವಾರವಷ್ಟೇ ಆ ಜಾಗಕ್ಕೆ ಪಟ್ಟಿಯಲ್ಲಿ ಅವಳ ನಂತರ ಇದ್ದವರನ್ನು ತೆಗೆದುಕೊಂಡಿದ್ದರು. ಸಂಜೆ ಕಾಲೇಜಿಗೆ ಬಂದು ನನಗೆ ಹೇಳುವಾಗ ಅವಳು ಅಳಲಿಲ್ಲ. ನಾನೇ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಅತ್ತೆ.

ಆ ಸಿಟ್ಟಿನಲ್ಲೇ ಮಾರನೆಯ ವರ್ಷ ಸೆನೆಟ್ ಚುನಾವಣೆಗೆ ನಿಂತೆ. ವಿಶ್ವವಿದ್ಯಾಲಯದ ದೊಡ್ಡ ಸಭೆ ಅದು. ಅಧ್ಯಾಪಕರಿಗೆ ಅಲ್ಲಿ ಕೆಲವು ಸ್ಥಾನಗಳಿದ್ದವು. "ನಿನಗ್ಯಾಕೆ ಬೇಕು ಈ ರಾಜಕೀಯ?" ಎಂದು ಮನೆಯಲ್ಲಿ ಯಜಮಾನರು ಕೇಳಿದರು. ಯಶವಂತಪುರದಿಂದ ದೇವನಹಳ್ಳಿಯವರೆಗಿನ ಕಾಲೇಜುಗಳನ್ನು ಸುತ್ತಿ ಅಧ್ಯಾಪಕರ ಮತ ಕೇಳಿದೆ. ಮೂವತ್ತೊಂದು ಹುಡುಗಿಯರ ಕತೆ ಹೇಳಿದೆ. ಗೆದ್ದೆ.

ನಾನು ತಂದ ನಿರ್ಣಯ ಇಷ್ಟೇ: ಒಮ್ಮೆ ಪರೀಕ್ಷೆಗೆ ಕೂರಿಸಿದ ಮೇಲೆ ಕಾಲೇಜಿನ ಸಂಯೋಜನೆಯ ಕಾರಣಕ್ಕೆ ವಿದ್ಯಾರ್ಥಿಯ ಫಲಿತಾಂಶ ತಡೆಯಬಾರದು. ಮಾತಾಡಲು ಎದ್ದು ಹತ್ತು ನಿಮಿಷವಾಗಿರಬಹುದು. ಸಿಂಡಿಕೇಟಿನ ಅದೇ ಸದಸ್ಯರು ಸೆನೆಟ್ಟಿನಲ್ಲೂ ಇದ್ದರು. ಅವರು ಎದ್ದು ಒಂದು ಹಾಳೆ ಎತ್ತಿ ಹಿಡಿದರು.

ಒಂದು ವಿಷಯವನ್ನು ನಾನು ಇಲ್ಲಿಯವರೆಗೆ ಬೇಕೆಂದೇ ಹೇಳಿಲ್ಲ. ವಿಚಾರಣಾ ಸಮಿತಿ ಬಂದ ವರ್ಷ ನನ್ನ ವಿಭಾಗದಲ್ಲಿ ಇಬ್ಬರು ಅಧ್ಯಾಪಕರಿರಬೇಕಿತ್ತು. ಇದ್ದವಳು ನಾನೊಬ್ಬಳೇ. ಇನ್ನೊಬ್ಬರು ಬಿಟ್ಟುಹೋಗಿ ಆರು ತಿಂಗಳಾಗಿತ್ತು. ಆಡಳಿತ ಮಂಡಳಿಯವರು ಅವರ ಹೆಸರನ್ನು ಪಟ್ಟಿಯಲ್ಲಿ ಹಾಗೇ ಉಳಿಸಿ, ವಿಭಾಗದ ಮುಖ್ಯಸ್ಥೆಯಾಗಿ ಸಹಿ ಹಾಕಿ ಎಂದಿದ್ದರು. ಹಾಕಿದ್ದೆ. ಎಲ್ಲ ಕಾಲೇಜಿನಲ್ಲೂ ಹಾಕುತ್ತಾರೆ ಎಂದು ಸಮಾಧಾನ ಹೇಳಿಕೊಂಡಿದ್ದೆ.

"ಮಾನ್ಯ ಸದಸ್ಯೆಯವರು ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡುತ್ತಿದ್ದಾರೆ. ಈ ಸುಳ್ಳು ಪಟ್ಟಿಯ ಕೆಳಗಿರುವ ಸಹಿ ಯಾರದೆಂದು ಹೇಳುತ್ತಾರೆಯೇ?"

ಸಭೆ ನಕ್ಕಿತು. ಕೂತುಬಿಡಬೇಕು ಅನ್ನಿಸಿತು. ಆದರೆ ಕೂತರೆ ಆ ನಿರ್ಣಯವೂ ನನ್ನ ಜೊತೆಗೇ ಕೂರುತ್ತಿತ್ತು.

"ನನ್ನದೇ," ಎಂದೆ. "ತಪ್ಪು ಮಾಡಿದ್ದೇನೆ. ಅದಕ್ಕೆ ನನಗೆ ಯಾವ ಶಿಕ್ಷೆ ಕೊಟ್ಟರೂ ತೆಗೆದುಕೊಳ್ಳುತ್ತೇನೆ. ಆದರೆ ಈ ಹಾಳೆ ವಿಚಾರಣಾ ಸಮಿತಿಯ ವರದಿಯ ಜೊತೆಗೇ ನಿಮ್ಮ ಕೈಗೆ ಬಂದಿತ್ತಲ್ಲ, ಇದು ಸುಳ್ಳೆಂದು ಸಿಂಡಿಕೇಟಿನಲ್ಲಿ ಯಾಕೆ ತೋರಿಸಲಿಲ್ಲ? ತೋರಿಸಿದ್ದರೆ ಪರೀಕ್ಷೆಗೆ ಮೊದಲೇ ಆ ಹುಡುಗಿಯರನ್ನು ಬೇರೆ ಕಾಲೇಜಿಗೆ ಕಳಿಸಬಹುದಿತ್ತು. ನಾನು ಸುಳ್ಳು ಹೇಳಿದೆ, ನೀವು ಸುಮ್ಮನಿದ್ದಿರಿ. ನಮ್ಮಿಬ್ಬರ ಕೆಲಸವೂ ಹೋಗಲಿಲ್ಲ. ಹೋದದ್ದು ಯಾರದು?"

ನಗು ನಿಂತಿತು. ಆದರೆ ನಿರ್ಣಯವನ್ನು ಮತಕ್ಕೆ ಹಾಕಲಿಲ್ಲ. ಪರಿಶೀಲಿಸಲು ಒಂದು ಸಮಿತಿ ಮಾಡಿದರು, ನನ್ನನ್ನೂ ಅದಕ್ಕೆ ಹಾಕಿದರು. ನಮ್ಮ ಕಾಲೇಜಿನ ಆಡಳಿತ ಮಂಡಳಿ ನನ್ನಿಂದ ವಿವರಣೆ ಕೇಳಿತು. ಸುಳ್ಳು ಪಟ್ಟಿ ಮಾಡಿದ್ದಕ್ಕಲ್ಲ, ಅದನ್ನು ಸಭೆಯಲ್ಲಿ ಒಪ್ಪಿಕೊಂಡಿದ್ದಕ್ಕೆ. ಸಹಿ ನನ್ನದಾದ್ದರಿಂದ ಒಪ್ಪಿಕೊಂಡೆ ಎಂದು ನಾನು ಒಂದೇ ಸಾಲಿನ ಉತ್ತರ ಬರೆದುಕೊಟ್ಟೆ. ಎರಡು ವರ್ಷ ನನಗೆ ಬಡ್ತಿ ಕೊಡಲಿಲ್ಲ.

ಸಮಿತಿ ಎರಡು ಸಲ ಸೇರಿತು. ತಿದ್ದುಪಡಿಯ ಕರಡು ತಯಾರಾಯಿತು. ಪರಿಷತ್ತಿಗೆ ಹೋಯಿತು, ಸಿಂಡಿಕೇಟಿಗೆ ಹೋಯಿತು, ಕುಲಾಧಿಪತಿಗಳ ಅಂಕಿತಕ್ಕೆಂದು ಸರ್ಕಾರದ ಮೂಲಕ ಹೋಯಿತು. ನನ್ನ ಅವಧಿ ಮುಗಿಯಿತು, ಕರಡು ಬರಲಿಲ್ಲ. ಅದಾದ ಮೇಲೊಂದು ದಿನ ಸೂಪರಿಂಟೆಂಡೆಂಟರು ಕಾಲೇಜಿಗೆ ಫೋನ್ ಮಾಡಿ ಬರಹೇಳಿದರು. ನಿವೃತ್ತಿಗೆ ಅವರಿಗೆ ಆಗ ಕೆಲವೇ ದಿನಗಳಿದ್ದವು. ಸರ್ಕಾರದಿಂದ ಕರಡು ವಾಪಸು ಬಂದಿತ್ತು. ಅಂಚಿನಲ್ಲಿ ಒಂದು ಟಿಪ್ಪಣಿ: "ಸದರಿ ತಿದ್ದುಪಡಿಯಿಂದ ಯಾರಿಗೆ ಪ್ರಯೋಜನವಾಗುತ್ತದೆ ಎಂಬುದನ್ನು ಸ್ಪಷ್ಟಪಡಿಸುವುದು."

ಅದನ್ನು ಎರಡು ಸಲ ಓದಿದೆ. ವಯಸ್ಸಾದ ಆ ಮನುಷ್ಯ ಪೆನ್ನು ಕೊಟ್ಟರು. ಉತ್ತರ ಬರೆಯುವ ಹಕ್ಕು ನನಗಿರಲಿಲ್ಲ, ನಾನಾಗ ಸೆನೆಟ್ ಸದಸ್ಯೆಯಲ್ಲ. ಆದರೂ ಅವರ ಮೇಜಿನ ಮೇಲೇ ಅರ್ಧ ಪುಟ ಬರೆದೆ. ಅವರೇ ಟೈಪ್ ಮಾಡಿಸಿ, ತಮ್ಮ ವಿಭಾಗದ ಹೆಸರಿನಲ್ಲಿ ಕಳಿಸಿದರು. ಈ ಸಲ ತಮ್ಮ ಸೀಟಿನ ಚಿಂತೆ ಮಾಡಲಿಲ್ಲ.

ಸಿಂಗಾಪುರದ ಹುಡುಗಿ ಎರಡು ವರ್ಷ ಯಲಹಂಕದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಿದಳು. ಜೊತೆಜೊತೆಗೆ ಪರೀಕ್ಷೆ ಬರೆದು, ಕುಡಿಯುವ ನೀರು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ ಹಿಡಿದಳು. ಮದುವೆಗೆ ಕರೆಯಲು ಬಂದಾಗ ನನ್ನ ಎದುರಿಗೆ ಕೂತು, "ಮಿಸ್, ಆ ಸಹಿ ವಿಷಯ ನಮಗೆ ಆವಾಗ್ಲೇ ಗೊತ್ತಿತ್ತು. ನೀವೊಬ್ರೇ ಇಬ್ರ ಪಾಠ ಮಾಡ್ತಿದ್ರಲ್ಲ," ಎಂದಳು. ನನ್ನನ್ನು ಕ್ಷಮಿಸಿದಳೋ, ಸುಮ್ಮನೆ ಗೊತ್ತಿತ್ತೆಂದು ತಿಳಿಸಿದಳೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ತಿದ್ದುಪಡಿ ಕೊನೆಗೂ ಬಂತು. ಎಂಬತ್ತರ ದಶಕ ಆಗ ಮುಗಿಯುತ್ತ ಬಂದಿತ್ತು. ಕಾಲೇಜಿಗೆ ಬಂದ ಸುತ್ತೋಲೆಯನ್ನು ಸ್ಟಾಫ್ ರೂಮಿನಲ್ಲಿ ನಿಂತು ಓದಿದೆ. ನಮ್ಮ ಕರಡಿಗೆ ಯಾರೋ ಐದು ಪದ ಸೇರಿಸಿದ್ದರು: "ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯಿಸತಕ್ಕದ್ದು." ಮೊದಲ ವರ್ಷದವರ, ಎರಡನೆಯ ವರ್ಷದವರ ಫಲಿತಾಂಶವನ್ನು ಇನ್ನೂ ತಡೆಯಬಹುದಿತ್ತು. ಹಾಗೆ ಸೇರಿಸಿದವರು ಯಾರೆಂದು ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿದೆ. ಸರ್ಕಾರವನ್ನು ಕೇಳಿ ಎಂದು ಉತ್ತರ ಬಂತು.